ಕಾರಿನ ಎ.ಸಿ.ಯ ದುರ್ವಾಸನೆ: ಕಾರಣವೇನು, ಪರಿಹಾರವೇನು?

ಆಸ್ಪತ್ರೆಯಿಂದ ಬಿಡುಗಡೆಯಾದ ರೋಗಿಯನ್ನು ಮಾಲೂರಿಗೋ, ಮುಳಬಾಗಿಲಿಗೋ, ಶ್ರೀನಿವಾಸಪುರಕ್ಕೋ ಕರೆದೊಯ್ಯಲು ಮನೆಯವರು ಸಾಮಾನ್ಯವಾಗಿ ಒಂದು ಕಾರನ್ನು ಗೊತ್ತುಮಾಡಿಕೊಂಡು ಬರುತ್ತಾರೆ. ರೋಗಿಗೆ ಸೆಕೆಯಾಗಬಾರದು, ರಸ್ತೆಯ ಧೂಳು ತಾಗಬಾರದು ಎಂಬ ಕಾಳಜಿಯಿಂದ ಕಿಟಕಿಗಳನ್ನೆಲ್ಲ ಏರಿಸಿ ಎ.ಸಿ. ಹಾಕುತ್ತಾರೆ. ಎಷ್ಟೋ ಕಾರುಗಳಲ್ಲಿ ಆಗ ತಣ್ಣನೆಯ ಗಾಳಿಯ ಜೊತೆಗೇ ಒದ್ದೆ ಗೋಣಿಚೀಲದಂಥ ಮುಗ್ಗಲು ವಾಸನೆಯೂ ಮುಖಕ್ಕೆ ಬಡಿಯುತ್ತದೆ. ಆರೋಗ್ಯವಾಗಿರುವವರು ಮೂಗು ಸಿಂಡರಿಸಿ ಸುಮ್ಮನಾಗುತ್ತಾರೆ. ಆದರೆ ಉಬ್ಬಸವಿರುವವರಿಗೆ ಅದೇ ಗಾಳಿ ಕೆಮ್ಮು ತರಿಸುತ್ತದೆ. ಹೊಟ್ಟೆಯ ಶಸ್ತ್ರಚಿಕಿತ್ಸೆಯಾಗಿ ಹೊಲಿಗೆ ಇನ್ನೂ ಹಸಿಯಾಗಿರುವವರಿಗೆ ಒಂದು ಕೆಮ್ಮು, ಒಂದು ವಾಂತಿ ಎಂದರೆ ಎಷ್ಟು ನೋವು ಎಂಬುದು ಅನುಭವಿಸಿದವರಿಗೇ ಗೊತ್ತು. ಬಸುರಿಯರಿಗಂತೂ ಇಂಥ ವಾಸನೆ ತಡೆಯುವುದೇ ಇಲ್ಲ.

ಇದು ಮೆಕ್ಯಾನಿಕ್‌ಗೆ ಸಂಬಂಧಿಸಿದ ವಿಷಯ, ಆಸ್ಪತ್ರೆಯ ಪುಸ್ತಿಕೆಯಲ್ಲಿ ಇದೇಕೆ ಎಂದು ನಿಮಗೆ ಅನಿಸಬಹುದು. ಉಸಿರಾಡುವ ಗಾಳಿ ಯಾವ ಯಂತ್ರದ ಮೂಲಕ ಬಂದರೂ ಅದು ಕೊನೆಗೆ ಸೇರುವುದು ಶ್ವಾಸಕೋಶವನ್ನೇ. ಅಲ್ಲದೆ ಈ ವಾಸನೆಗಳಲ್ಲಿ ಕೆಲವು ಬರೀ ಕಿರಿಕಿರಿಯಾದರೆ ಕೆಲವು ಪ್ರಾಣಕ್ಕೇ ಅಪಾಯದ ಸೂಚನೆ. ಯಾವುದು ಯಾವುದೆಂದು ಕಾರಿಟ್ಟುಕೊಂಡವರೂ ಕಾರಿನಲ್ಲಿ ಕೂರುವವರೂ ತಿಳಿದಿರುವುದು ಒಳ್ಳೆಯದು.

ವಾಸನೆ ಹುಟ್ಟುವುದು ಎಲ್ಲಿ?

ಫ್ರಿಜ್‌ನಿಂದ ತೆಗೆದ ತಣ್ಣೀರಿನ ಚೊಂಬನ್ನು ಮೇಜಿನ ಮೇಲಿಟ್ಟರೆ ಸ್ವಲ್ಪ ಹೊತ್ತಿಗೆ ಅದರ ಹೊರಮೈ ಬೆವರುತ್ತದೆ. ಆ ನೀರು ಚೊಂಬಿನಿಂದ ಸೋರಿದ್ದಲ್ಲ, ಸುತ್ತಲಿನ ಗಾಳಿಯಲ್ಲಿದ್ದ ತೇವ. ಕಾರಿನ ಡ್ಯಾಶ್‌ಬೋರ್ಡಿನ ಒಳಗೆ ಹೀಗೆಯೇ ಬೆವರುವ ಒಂದು ಭಾಗವಿದೆ. ಮೆಕ್ಯಾನಿಕ್‌ಗಳು ಅದನ್ನು ಕೂಲಿಂಗ್ ಕಾಯಿಲ್ ಎನ್ನುತ್ತಾರೆ. ಅಲ್ಯೂಮಿನಿಯಂನ ಸಣ್ಣ ಕೊಳವೆಗಳೂ ಅವುಗಳ ನಡುವೆ ಬಾಚಣಿಗೆಯ ಹಲ್ಲಿನಂತೆ ಒತ್ತಾಗಿ ಜೋಡಿಸಿದ ತೆಳುವಾದ ರೆಕ್ಕೆಗಳೂ ಸೇರಿದ ಪೆಟ್ಟಿಗೆ ಅದು. ಎ.ಸಿ. ಓಡುವಾಗ ಈ ಕಾಯಿಲ್ ಹೆಚ್ಚುಕಡಿಮೆ ನೀರು ಗಡ್ಡೆಕಟ್ಟುವಷ್ಟರ ಹತ್ತಿರದ ತಣ್ಣಗಾಗುತ್ತದೆ. ಬ್ಲೋಯರ್ ಫ್ಯಾನು ಗಾಳಿಯನ್ನು ಇದರ ಮೂಲಕ ತಳ್ಳುತ್ತದೆ. ಗಾಳಿ ತಂಪಾಗಿ ನಿಮ್ಮ ಕಡೆಗೆ ಬರುತ್ತದೆ, ಅದರ ತೇವ ರೆಕ್ಕೆಗಳ ಮೇಲೆ ಹನಿಗಟ್ಟಿ ಕೆಳಗಿನ ತಟ್ಟೆಗೆ ಇಳಿದು, ಒಂದು ರಬ್ಬರ್ ಪೈಪಿನ ಮೂಲಕ ಕಾರಿನ ಅಡಿಯಿಂದ ನೆಲಕ್ಕೆ ತೊಟ್ಟಿಕ್ಕುತ್ತದೆ. ನಿಂತ ಕಾರಿನ ಕೆಳಗೆ ನೀರು ಕಂಡು ರೇಡಿಯೇಟರ್ ಒಡೆಯಿತೆಂದು ಗಾಬರಿಯಾಗುವವರಿದ್ದಾರೆ. ಬಣ್ಣವಿಲ್ಲದ, ಅಂಟಿಲ್ಲದ ಶುದ್ಧ ನೀರಾದರೆ ಅದು ಎ.ಸಿ.ಯ ಬೆವರು, ಒಳ್ಳೆಯ ಲಕ್ಷಣ.

ತೊಂದರೆ ಶುರುವಾಗುವುದು ಎ.ಸಿ. ನಿಲ್ಲಿಸಿದ ಮೇಲೆ. ಊರು ಸೇರಿದ ಕೂಡಲೇ ಕೀಲಿ ತಿರುಗಿಸಿ ಇಳಿದುಬಿಡುತ್ತೇವೆ. ಒದ್ದೆಯಾದ ಕಾಯಿಲ್ ಕತ್ತಲ ಪೆಟ್ಟಿಗೆಯೊಳಗೆ ಹಾಗೆಯೇ ಉಳಿಯುತ್ತದೆ. ಅದರ ಮೇಲೆ ಮೊದಲೇ ಕುಳಿತಿದ್ದ ಧೂಳು, ಹೂವಿನ ಪರಾಗ, ಬಟ್ಟೆಯ ನೂಲು, ನಮ್ಮ ಮೈಯಿಂದ ಉದುರಿದ ಚರ್ಮದ ಹೊಟ್ಟು ಇವೆಲ್ಲ ನೆನೆಯುತ್ತವೆ. ತೇವ, ಕತ್ತಲೆ, ಬೆಚ್ಚಗಿನ ಜಾಗ, ತಿನ್ನಲು ಆಹಾರ ಎಲ್ಲ ಒಂದೇ ಕಡೆ. ಮಳೆಗಾಲದಲ್ಲಿ ಮೂಲೆಯಲ್ಲಿಟ್ಟ ರೊಟ್ಟಿಗೆ ಬೂಷ್ಟು ಹಿಡಿಯುವಂತೆ ಇಲ್ಲಿಯೂ ಶಿಲೀಂಧ್ರಗಳೂ ಬ್ಯಾಕ್ಟೀರಿಯಾಗಳೂ ಲೋಳೆಯಂಥ ಪದರವಾಗಿ ಬೆಳೆಯುತ್ತವೆ. ಅವು ಹೊರಬಿಡುವ ಆವಿಯೇ ಆ ಮುಗ್ಗಲು ವಾಸನೆ. ಆಸ್ಪರ್ಜಿಲಸ್, ಪೆನಿಸಿಲಿಯಂ, ಕ್ಲಾಡೋಸ್ಪೋರಿಯಂ ಮುಂತಾದ, ಗಾಳಿಯಲ್ಲಿ ಎಲ್ಲೆಲ್ಲೂ ಇರುವ ಬೂಷ್ಟುಗಳೇ ಕಾರಿನ ಎ.ಸಿ.ಗಳಲ್ಲಿಯೂ ಸಿಕ್ಕಿವೆ.

ಎ.ಸಿ. ಹಾಕಿದ ಮೊದಲ ಎರಡು ಮೂರು ನಿಮಿಷ ವಾಸನೆ ಜೋರಾಗಿದ್ದು ಆಮೇಲೆ ಇಳಿಯುವುದೇಕೆ ಎಂದು ಬಹಳ ಜನ ಕೇಳುತ್ತಾರೆ. ಪೆಟ್ಟಿಗೆಯೊಳಗೆ ಕೂಡಿಟ್ಟಂತಿದ್ದ ಆವಿಯೂ ಬೂಷ್ಟಿನ ಕಣಗಳೂ ಮೊದಲ ಗಾಳಿಯಲ್ಲಿಯೇ ಹೊರಬರುತ್ತವೆ. ನಂತರ ಕಾಯಿಲ್ ತಣ್ಣಗಾಗಿ ಒದ್ದೆಯಾದಾಗ ಉಳಿದದ್ದು ಅಲ್ಲಿಯೇ ಅಂಟಿಕೊಂಡಿರುತ್ತದೆ. ನಮ್ಮ ಮೂಗೂ ಅಷ್ಟರಲ್ಲಿ ಒಗ್ಗಿಹೋಗಿರುತ್ತದೆ. ಹಾಗಾಗಿ ವಾಸನೆ ಹೋಯಿತೆಂದರೆ ಕಾರಣ ಹೋಯಿತೆಂದು ತಿಳಿಯಬಾರದು. ದಿನವೂ ಅದೇ ಕಾರನ್ನು ಓಡಿಸುವ ಚಾಲಕರಿಗೆ ವಾಸನೆ ಗೊತ್ತೇ ಆಗುವುದಿಲ್ಲ. ಕೋವಿಡ್ ಬಂದುಹೋದ ಮೇಲೆ ಮೂಗಿನ ಸೂಕ್ಷ್ಮತೆ ಪೂರ್ತಿ ಮರಳದವರೂ ಇದ್ದಾರೆ. ಹೊರಗಿನಿಂದ ಬಂದ ಇನ್ನೊಬ್ಬರನ್ನು ಕೇಳುವುದೇ ಸರಿಯಾದ ಪರೀಕ್ಷೆ.

ನಮ್ಮ ಕಡೆಯ ಕಾರುಗಳ ಕಷ್ಟ

ಕೋಲಾರ ಜಿಲ್ಲೆ ಮಳೆ ಕಡಿಮೆಯ ಸೀಮೆ. ವರ್ಷದ ಮಳೆಯಲ್ಲಿ ದೊಡ್ಡ ಪಾಲು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಬೀಳುತ್ತದೆ. ಅಂದರೆ ಬಹುಕಾಲ ಧೂಳು ತುಂಬಿಕೊಳ್ಳುತ್ತದೆ, ಆಮೇಲೆ ಕೆಲವು ತಿಂಗಳು ಆ ಧೂಳಿಗೆ ತೇವ ಸಿಗುತ್ತದೆ. ಬೂಷ್ಟಿಗೆ ಬೇಕಾದದ್ದು ಇದೇ. ಮಾಲೂರಿನ ಇಟ್ಟಿಗೆ, ಹೆಂಚಿನ ಭಟ್ಟಿಗಳ ಸುತ್ತಮುತ್ತ, ಕಲ್ಲುಗಣಿ ಮತ್ತು ಕ್ರಷರ್‌ಗಳ ಹಾದಿಯಲ್ಲಿ ಓಡುವ ಕಾರುಗಳ ಫಿಲ್ಟರ್ ತೆಗೆದು ನೋಡಿದರೆ ಕೆಂಪುಮಣ್ಣೇ ಕಾಣುತ್ತದೆ. ಬಿಳಿ ಕಾಗದದ್ದೆಂದು ಹೇಳಿದರೆ ನಂಬುವುದು ಕಷ್ಟ.

ಇನ್ನೊಂದು, ನಾವು ಕಾರು ನಿಲ್ಲಿಸುವ ಜಾಗ. ಬಿಸಿಲಿಗೆ ನೆರಳು ಬೇಕೆಂದು ಹೊಂಗೆ ಮರದ ಕೆಳಗೆ, ಹುಣಸೆ ಮರದ ಕೆಳಗೆ ನಿಲ್ಲಿಸುತ್ತೇವೆ. ಮುಂದಿನ ಗಾಜಿನ ಬುಡದಲ್ಲಿ, ವೈಪರ್ ಇರುವ ಕಡೆ, ಹೊರಗಿನ ಗಾಳಿ ಒಳಹೋಗುವ ಜಾಲರಿ ಇದೆ. ಹೊಂಗೆಯ ಎಲೆ ದೊಡ್ಡದಾದ್ದರಿಂದ ಮೇಲೆಯೇ ನಿಲ್ಲುತ್ತದೆ. ಹುಣಸೆಯ ಎಲೆ ಕಿರಿದಾಗಿದ್ದು ಸಂದಿಯಲ್ಲಿ ನುಗ್ಗಿ ಒಳಗೆ ಕೊಳೆಯುತ್ತದೆ. ವಾರಕ್ಕೊಮ್ಮೆ ಬಾನೆಟ್ ಎತ್ತಿ ಆ ಜಾಗದ ಕಸವನ್ನು ಕೈಯಿಂದ ಬಾಚಿ ತೆಗೆದರೆ ಅರ್ಧ ಸಮಸ್ಯೆ ಹುಟ್ಟುವುದೇ ಇಲ್ಲ. ಖರ್ಚಿಲ್ಲದ ಈ ಕೆಲಸವನ್ನು ಮಾಡುವವರು ಮಾತ್ರ ಕಡಿಮೆ.

ಎ.ಸಿ.ಯ ಮೇಲೆ ತಪ್ಪು ಹೊರಿಸುವ ಮೊದಲು ಕಾರಿನ ನೆಲವನ್ನೂ ಮೂಸಿ ನೋಡಿ. ನಮ್ಮ ಜಿಲ್ಲೆಯಲ್ಲಿ ಕಾರೆಂದರೆ ಜನರನ್ನು ಮಾತ್ರ ಹೊರುವ ವಾಹನವಲ್ಲ. ಡೇರಿಗೆ ಹಾಲಿನ ಕ್ಯಾನು, ಮಾರುಕಟ್ಟೆಗೆ ರೇಷ್ಮೆಗೂಡಿನ ಚೀಲ, ಕೋಲಾರದ ಅಥವಾ ವಡ್ಡಹಳ್ಳಿಯ ಮಂಡಿಗೆ ಟೊಮೆಟೊ ಬಾಕ್ಸು, ಮಾವಿನ ಕಾಲದಲ್ಲಿ ಶ್ರೀನಿವಾಸಪುರದಿಂದ ನೆಂಟರಿಗೆ ಹಣ್ಣಿನ ಬುಟ್ಟಿ ಎಲ್ಲವೂ ಹಿಂದಿನ ಸೀಟಿನಲ್ಲಿಯೇ ಹೋಗುತ್ತವೆ. ಒಂದು ಲೋಟ ಹಾಲು ಮ್ಯಾಟಿನ ಕೆಳಗಿನ ಸ್ಪಂಜಿಗೆ ಇಳಿದರೆ ತಿಂಗಳುಗಟ್ಟಲೆ ನಾರುತ್ತದೆ. ಸೀಟಿನ ಅಡಿಗೆ ಉರುಳಿದ ಒಂದೇ ಮಾವಿನಹಣ್ಣು ಹುದುಗೆದ್ದು ಹುಳಿಹೆಂಡದ ವಾಸನೆ ಕೊಡುತ್ತದೆ. ಬ್ಲೋಯರ್ ತಿರುಗಿದಾಗ ಈ ವಾಸನೆಯೇ ಕಾರೆಲ್ಲ ಸುತ್ತುವುದರಿಂದ ಅದು ಎ.ಸಿ.ಯಿಂದ ಬಂದಂತೆ ತೋರುತ್ತದೆ. ಇಂಥ ಕಾರಿಗೆ ಎ.ಸಿ. ರಿಪೇರಿ ಮಾಡಿಸಿದರೆ ಹಣ ಹೋಗುತ್ತದೆ, ವಾಸನೆ ಉಳಿಯುತ್ತದೆ. ಮ್ಯಾಟುಗಳನ್ನು ತೆಗೆದು ಸೋಪಿನ ನೀರಿನಲ್ಲಿ ತೊಳೆದು ಬಿಸಿಲಿಗೆ ಹಾಕಿ. ಕೆಳಗಿನ ಸ್ಪಂಜಿಗೆ ಅಡುಗೆ ಸೋಡಾ ಉದುರಿಸಿ ಒಂದು ರಾತ್ರಿ ಬಿಟ್ಟು ಕೊಡವಿ ತೆಗೆಯಿರಿ. ಮೊದಲು ಇದನ್ನು ಮಾಡಿ, ಆಮೇಲೆ ಎ.ಸಿ.ಯ ವಿಚಾರ.

ಇಲಿಯ ಕಥೆಯೂ ಇದೆ. ರಾಗಿ, ಕಡಲೆಕಾಯಿ ತುಂಬಿದ ಮನೆಯ ಪಕ್ಕ ಕಾರು ನಿಲ್ಲಿಸಿದರೆ ಇಲಿ ಬಾನೆಟ್ಟಿನೊಳಗೆ ಸೇರುವುದು ಸಾಮಾನ್ಯ. ಗಾಳಿಯ ದಾರಿಯಲ್ಲಿ ಅದು ಸತ್ತರೆ ಬರುವ ವಾಸನೆಯನ್ನು ಯಾರಿಗೂ ವಿವರಿಸಬೇಕಿಲ್ಲ. ಫಿಲ್ಟರಿನ ಪೆಟ್ಟಿಗೆಯಲ್ಲಿ ಇಲಿಯ ಹಿಕ್ಕೆ, ಗೂಡು ಕಂಡರೆ ಬರಿಗೈಯಲ್ಲಿ ಮುಟ್ಟಬೇಡಿ, ಒಣಗಿದ್ದನ್ನು ಪೊರಕೆಯಿಂದ ಗುಡಿಸಬೇಡಿ, ಊದಿ ಹಾರಿಸಬೇಡಿ. ಕೈಗವಸು, ಮುಖಗವಸು ಹಾಕಿಕೊಂಡು ಸೋಪಿನ ನೀರು ಚಿಮುಕಿಸಿ ನೆನೆಸಿ, ಕಾಗದದಲ್ಲಿ ಎತ್ತಿ ಚೀಲದಲ್ಲಿ ಕಟ್ಟಿ ಹೂಳಿರಿ. ಇಲಿಜ್ವರ ಎಂದು ಕರೆಯುವ ಲೆಪ್ಟೊಸ್ಪೈರೋಸಿಸ್ ಇಲಿಯ ಮೂತ್ರದಿಂದ, ಕೈಯ ಮೇಲಿನ ಸಣ್ಣ ಗಾಯದ ಮೂಲಕವೂ ಬರಬಲ್ಲದು.

ಯಾವ ವಾಸನೆಗೆ ಹೆದರಬೇಕು?

ಮುಗ್ಗಲು ವಾಸನೆಗೆ ಹೆದರಬೇಕಾಗಿಲ್ಲ, ಅಲಕ್ಷ್ಯವನ್ನೂ ಮಾಡಬಾರದು. ಆದರೆ ಕೆಳಗಿನ ವಾಸನೆಗಳು ಬಂದರೆ ಪ್ರಯಾಣ ಮುಂದುವರಿಸುವ ಮಾತೇ ಇಲ್ಲ.

ಅಡುಗೆ ಗ್ಯಾಸಿನ ವಾಸನೆ ಬಂದರೆ ಕಾರನ್ನು ಬದಿಗೆ ನಿಲ್ಲಿಸಿ, ಎಂಜಿನ್ ಆರಿಸಿ, ಬಾಗಿಲುಗಳನ್ನು ತೆರೆದು ಎಲ್ಲರೂ ಇಳಿದು ದೂರ ಹೋಗಬೇಕು. ಒಳಗಿನ ದೀಪ, ಫ್ಯಾನು ಯಾವ ಸ್ವಿಚ್ಚನ್ನೂ ಮುಟ್ಟಬಾರದು. ಹತ್ತಿರ ಬೀಡಿ ಹಚ್ಚಬಾರದು. ಎಲ್.ಪಿ.ಜಿ.ಗೂ ಸಿ.ಎನ್.ಜಿ.ಗೂ ಆ ಕೆಟ್ಟ ವಾಸನೆಯನ್ನು ಬೇಕೆಂದೇ ಸೇರಿಸಿರುತ್ತಾರೆ, ಸೋರಿಕೆ ಗೊತ್ತಾಗಲಿ ಎಂದು. ಮನೆಯ ಅಡುಗೆ ಸಿಲಿಂಡರನ್ನು ವ್ಯಾನಿಗೆ ಜೋಡಿಸಿ ಓಡಿಸುವುದು ಕಾನೂನಿಗೂ ವಿರುದ್ಧ, ಜೀವಕ್ಕೂ ಅಪಾಯ. ಅಂಥ ವಾಹನದಲ್ಲಿ ಮಕ್ಕಳನ್ನು ಕೂರಿಸಬೇಡಿ. ಪೆಟ್ರೋಲಿನ ವಾಸನೆಗೂ ಇದೇ ನಿಯಮ. ವೈರು ಸೀದ ವಾಸನೆ ಬಂದರೂ ಎಂಜಿನ್ ಆರಿಸಿ ಎಲ್ಲರನ್ನೂ ಇಳಿಸಿಬಿಡಿ.

ಬೆಲ್ಲದ ಪಾಕದಂಥ ಸಿಹಿ ವಾಸನೆ ಬಂದು ಮುಂದಿನ ಗಾಜಿನ ಒಳಮೈಗೆ ಎಣ್ಣೆಯಂಥ ಮಬ್ಬು ಕಟ್ಟಿದರೆ ಅದು ಕೂಲಂಟ್ ಸೋರಿಕೆ. ಎಂಜಿನ್ನನ್ನು ತಣ್ಣಗಿಡುವ ಹಸಿರು ಅಥವಾ ಗುಲಾಬಿ ಬಣ್ಣದ ಈ ದ್ರವ ಹೀಟರಿನ ಕೊಳವೆಯಿಂದ ಒಳಗೆ ಸೋರುತ್ತಿರುತ್ತದೆ. ಅದರಲ್ಲಿರುವ ಗ್ಲೈಕಾಲ್ ರುಚಿಗೆ ಸಿಹಿಯಾದ ವಿಷ. ಮಕ್ಕಳೂ ನಾಯಿಗಳೂ ನೆಕ್ಕಿ ಅಪಾಯ ತಂದುಕೊಂಡ ಉದಾಹರಣೆಗಳಿವೆ.

ಸೈಲೆನ್ಸರ್ ಹೊಗೆಯ ವಾಸನೆ ಕಾರಿನೊಳಗೆ ಬರುತ್ತಿದ್ದರೆ ಅದು ಎಲ್ಲಕ್ಕಿಂತ ಗಂಭೀರ. ಇದರ ಬಗ್ಗೆ ಕೊನೆಯಲ್ಲಿ ವಿವರವಾಗಿ ಹೇಳುತ್ತೇವೆ.

ಇನ್ನು ಎ.ಸಿ.ಯ ಗ್ಯಾಸು. ವಾಸನೆ ಬಂತೆಂದು ಗ್ಯಾರೇಜಿಗೆ ಹೋದರೆ ಗ್ಯಾಸು ತುಂಬಿಸಿದರೆ ಸರಿಹೋಗುತ್ತದೆ ಎಂದು ಹೇಳುವವರಿದ್ದಾರೆ. ಕಾರಿನ ಎ.ಸಿ.ಯಲ್ಲಿ ಬಳಸುವ ಗ್ಯಾಸಿಗೆ ವಾಸನೆ ಇಲ್ಲವೆನ್ನುವಷ್ಟು ಕಡಿಮೆ. ಅದು ಮುಚ್ಚಿದ ಕೊಳವೆಗಳಲ್ಲಿ ಸುತ್ತುವಂಥದ್ದು, ನಾವು ಉಸಿರಾಡುವ ಗಾಳಿಗೆ ತಾಗುವುದೇ ಇಲ್ಲ. ತಂಪು ಕಡಿಮೆಯಾಗಿದ್ದರೆ ಗ್ಯಾಸಿನ ಮಾತು ಸರಿ. ತಂಪು ಚೆನ್ನಾಗಿದ್ದು ವಾಸನೆ ಮಾತ್ರ ಇದ್ದರೆ ಗ್ಯಾಸು ತುಂಬಿಸುವುದು ದಂಡ.

ವಾಸನೆ ಹೋಗಲಾಡಿಸುವ ಬಗೆ

ಮೊದಲು ಫಿಲ್ಟರ್ ನೋಡಿ. ಬಹುತೇಕ ಕಾರುಗಳಲ್ಲಿ ಚಾಲಕನ ಪಕ್ಕದ ಸೀಟಿನ ಮುಂದಿರುವ ಡಬ್ಬಿಯನ್ನು ಬಿಚ್ಚಿದರೆ ಹಿಂದೆ ಒಂದು ಚಪ್ಪಟೆ ಮುಚ್ಚಳ, ಅದರೊಳಗೆ ಮಡಿಕೆ ಮಡಿಕೆಯಾದ ಕಾಗದದಂಥ ಫಿಲ್ಟರ್ ಇರುತ್ತದೆ. ಹಳೆಯ ಮತ್ತು ಕಡಿಮೆ ಬೆಲೆಯ ಕೆಲವು ಮಾದರಿಗಳಲ್ಲಿ ಫಿಲ್ಟರೇ ಇರುವುದಿಲ್ಲ. ಅಂಥವುಗಳಲ್ಲಿ ಧೂಳು ನೇರವಾಗಿ ಕಾಯಿಲ್ ಮೇಲೆಯೇ ಕೂರುತ್ತದೆ. ಕೆಲವಕ್ಕೆ ಫಿಲ್ಟರ್ ಕೂರುವ ಜಾಗವಿದ್ದು ಹೊಸದಾಗಿ ಹಾಕಿಸಲು ಬರುತ್ತದೆ, ಮೆಕ್ಯಾನಿಕ್ ಬಳಿ ವಿಚಾರಿಸಿ. ಸಾಧಾರಣ ರಸ್ತೆಗಳಲ್ಲಿ ವರ್ಷಕ್ಕೊಮ್ಮೆ ಬದಲಾಯಿಸಬೇಕು. ನಮ್ಮ ಧೂಳಿನಲ್ಲಿ ಆರು ತಿಂಗಳಿಗೊಮ್ಮೆ ತೆಗೆದು ನೋಡುವುದು ಲೇಸು. ಒದ್ದೆಯಾಗಿದ್ದರೆ, ಕಪ್ಪು ಚುಕ್ಕೆ ಬಿದ್ದಿದ್ದರೆ ಎಸೆದು ಹೊಸದು ಹಾಕಿ. ಕಾಗದದ ಫಿಲ್ಟರನ್ನು ತೊಳೆದು ಒಣಗಿಸಿ ಹಾಕುವ ಉಳಿತಾಯ ಬೇಡ, ಬೂಷ್ಟಿಗೆ ನಾವೇ ಹಾಸಿಗೆ ಹಾಸಿಕೊಟ್ಟಂತಾಗುತ್ತದೆ. ಅಂಚಿನಲ್ಲಿ ಬಾಣದ ಗುರುತು ಇರುತ್ತದೆ, ಗಾಳಿ ಹೋಗುವ ದಿಕ್ಕಿಗೆ ಅದು ಇರಬೇಕು.

ಎರಡನೆಯದು ನೀರು ಇಳಿಯುವ ಪೈಪು. ತೇವದ ದಿನ ಕಾರನ್ನು ಬಯಲಿನಲ್ಲಿ ನಿಲ್ಲಿಸಿ ಹತ್ತು ನಿಮಿಷ ಎ.ಸಿ. ಓಡಿಸಿ ಕೆಳಗೆ ಬಗ್ಗಿ ನೋಡಿ. ನೀರು ತೊಟ್ಟಿಕ್ಕದಿದ್ದರೆ, ಅಥವಾ ಮುಂದಿನ ಎಡಸೀಟಿನ ಕಾಲಡಿಯ ಮ್ಯಾಟು ಒದ್ದೆಯಾಗಿದ್ದರೆ, ಅಥವಾ ತಿರುವಿನಲ್ಲಿ ಡ್ಯಾಶ್‌ಬೋರ್ಡಿನ ಒಳಗೆ ನೀರು ಕುಲುಕಿದ ಸದ್ದು ಕೇಳಿದರೆ ಪೈಪು ಕಟ್ಟಿಕೊಂಡಿದೆ ಎಂದರ್ಥ. ಮಣ್ಣು, ಎಲೆಯ ಚೂರು, ಕೆಲವೊಮ್ಮೆ ಹುಳುವಿನ ಗೂಡು ಅದನ್ನು ಮುಚ್ಚಿರುತ್ತದೆ. ಕಬ್ಬಿಣದ ತಂತಿ ಚುಚ್ಚಿ ಬಿಡಿಸಲು ಹೋಗಬೇಡಿ, ಕಾಯಿಲ್ ತೂತಾದರೆ ಸಾವಿರಾರು ರೂಪಾಯಿಯ ಕೆಲಸ. ಮೆಕ್ಯಾನಿಕ್ ಕೆಳಗಿನಿಂದ ಮೆಲ್ಲಗೆ ಗಾಳಿ ಊದಿ ಬಿಡಿಸುತ್ತಾನೆ. ವರ್ಷದಿಂದ ಕಾಡಿದ ವಾಸನೆ ಈ ಒಂದು ಕೆಲಸದಿಂದಲೇ ಹೋಗುವುದುಂಟು.

ಫಿಲ್ಟರ್ ಹೊಸದಾಗಿದ್ದು ಪೈಪೂ ಸರಿಯಾಗಿದ್ದರೆ ಕಾಯಿಲನ್ನು ಒಣಗಿಸಿ ನೋಡಿ. ಕಾರನ್ನು ತೆರೆದ ಬಯಲಿನಲ್ಲಿ, ಬಿಸಿಲಿನಲ್ಲಿ ನಿಲ್ಲಿಸಿ. ನಾಲ್ಕೂ ಬಾಗಿಲು ತೆರೆಯಿರಿ. ಎ.ಸಿ. ಆರಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಬ್ಲೋಯರನ್ನು ಜೋರಾಗಿ ಹಾಕಿ, ಹೊರಗಿನ ಗಾಳಿ ಒಳಬರುವಂತೆ ಇಟ್ಟು ಹತ್ತು ಹದಿನೈದು ನಿಮಿಷ ಓಡಿಸಿ. ಆ ಹೊತ್ತಿನಲ್ಲಿ ಕಾರಿನೊಳಗೆ ಯಾರೂ ಕೂರುವುದು ಬೇಡ. ಶೆಡ್ಡಿನಲ್ಲಿ, ಮನೆಯ ಕೆಳಗಿನ ಪಾರ್ಕಿಂಗಿನಲ್ಲಿ ಇದನ್ನು ಮಾಡಲೇಬಾರದು. ಬೂಷ್ಟು ಇದರಿಂದ ಪೂರ್ತಿ ಸಾಯುವುದಿಲ್ಲ, ಆದರೆ ಹೊಸದಾಗಿ ಶುರುವಾದ ವಾಸನೆ ಬಹಳಮಟ್ಟಿಗೆ ಇಳಿಯುತ್ತದೆ.

ಹಳೆಯ ವಾಸನೆಗೆ ಕಾಯಿಲನ್ನೇ ತೊಳೆಸಬೇಕು. ಇದಕ್ಕೆಂದೇ ತಯಾರಿಸಿದ ನೊರೆಯ ಸ್ಪ್ರೇಗಳು ಬಿಡಿಭಾಗದ ಅಂಗಡಿಗಳಲ್ಲಿ ಸಿಗುತ್ತವೆ. ಫಿಲ್ಟರ್ ತೆಗೆದ ಜಾಗದಿಂದ ಅಥವಾ ನೀರಿನ ಪೈಪಿನಿಂದ ನೊರೆಯನ್ನು ಬಿಟ್ಟು, ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಕಾದರೆ ನೊರೆ ನೀರಾಗಿ ಕೊಳೆಯನ್ನು ಹೊತ್ತು ಕೆಳಗಿಳಿಯುತ್ತದೆ. ಬರುವ ನೀರಿನ ಬಣ್ಣ ನೋಡಿದರೆ ಇಷ್ಟು ದಿನ ಏನನ್ನು ಉಸಿರಾಡಿದೆವು ಎಂದು ತಿಳಿಯುತ್ತದೆ. ಡ್ಯಾಶ್‌ಬೋರ್ಡಿನ ಮುಂದಿನ ಜಾಲರಿಗಳಿಂದ ಸಿಂಪಡಿಸಿದರೆ ಮದ್ದು ಕಾಯಿಲ್‌ವರೆಗೆ ತಲುಪುವುದು ಕಡಿಮೆ. ಬ್ಲೋಯರಿನ ವೈರು, ಮೋಟಾರು ನೆನೆಯಬಾರದಾದ್ದರಿಂದ ತಿಳಿದವರ ಕೈಯಲ್ಲಿ ಮಾಡಿಸುವುದು ಕ್ಷೇಮ. ಆಮೇಲೆ ಬಾಗಿಲು ತೆರೆದು ಚೆನ್ನಾಗಿ ಗಾಳಿಯಾಡಿಸಿ, ಆ ದಿನ ಉಬ್ಬಸದವರನ್ನೂ ಹಸುಗೂಸನ್ನೂ ಆ ಕಾರಿನಲ್ಲಿ ಕರೆದೊಯ್ಯಬೇಡಿ. ಇಷ್ಟಕ್ಕೂ ಹೋಗದಿದ್ದರೆ ಕಾಯಿಲನ್ನು ಹೊರಗೆ ತೆಗೆದು ತೊಳೆಯಬೇಕಾಗುತ್ತದೆ. ಎಷ್ಟೋ ಕಾರುಗಳಲ್ಲಿ ಡ್ಯಾಶ್‌ಬೋರ್ಡೇ ಬಿಚ್ಚಬೇಕಾದ ದೊಡ್ಡ ಕೆಲಸ ಅದು. ಅಲ್ಲಿಗೆ ಬರುವ ಮೊದಲೇ ಮೇಲಿನದನ್ನೆಲ್ಲ ಮಾಡಿ ನೋಡಿ.

ವಾಸನೆ ಮರಳಿ ಬಾರದಿರಲು ಒಂದು ಅಭ್ಯಾಸ ಸಾಕು. ಊರು ಸೇರಲು ಮೂರು ನಾಲ್ಕು ನಿಮಿಷ ಇರುವಾಗ ಎ.ಸಿ.ಯ ಗುಂಡಿಯನ್ನು ಮಾತ್ರ ಆರಿಸಿ, ಬ್ಲೋಯರನ್ನು ಜೋರಾಗಿ ಬಿಟ್ಟು, ಹೊರಗಿನ ಗಾಳಿ ಒಳಬರುವಂತೆ ಮಾಡಿ. ಮುಳಬಾಗಿಲಿನ ಕಡೆ ಹೋಗುವವರು ಹೆದ್ದಾರಿ ಬಿಟ್ಟು ಊರೊಳಗೆ ತಿರುಗುವಾಗ ಇದನ್ನು ಮಾಡಿದರೆ ಮನೆ ಮುಟ್ಟುವಷ್ಟರಲ್ಲಿ ಕಾಯಿಲ್ ಒಣಗಿರುತ್ತದೆ. ಮುಖ ತೊಳೆದು ಟವೆಲ್ಲಿನಲ್ಲಿ ಒರೆಸಿಕೊಂಡಂತೆ ಇದು.

ಒಳಗಿನ ಗಾಳಿಯನ್ನೇ ಸುತ್ತಿಸುವ ಗುಂಡಿಯನ್ನು ಇಡೀ ದಾರಿ ಒತ್ತಿಟ್ಟಿರಬೇಡಿ. ಧೂಳಿನ ರಸ್ತೆಯಲ್ಲಿ, ಲಾರಿಯ ಹಿಂದೆ ಅದು ಬೇಕು. ಆದರೆ ಐದು ಜನ ಕುಳಿತ ಮುಚ್ಚಿದ ಕಾರಿನಲ್ಲಿ ನಾವೇ ಬಿಟ್ಟ ಇಂಗಾಲದ ಡೈಆಕ್ಸೈಡ್ ಬೇಗ ಹೆಚ್ಚುತ್ತದೆ, ತಲೆ ಭಾರವಾಗಿ ಚಾಲಕನಿಗೆ ತೂಕಡಿಕೆ ಬರುತ್ತದೆ. ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಹೊಸ ಗಾಳಿ ಬಿಡಿ. ಚಿನ್ನದ ಗಣಿ ಓಡುತ್ತಿದ್ದ ಕಾಲದಲ್ಲಿ ಕೆ.ಜಿ.ಎಫ್.ನ ಚಾಂಪಿಯನ್ ರೀಫ್ ಗಣಿಯಲ್ಲಿ ಮೂರು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ದುಡಿಯುವವರಿಗೆ ಮೇಲಿನಿಂದ ತಂಪುಮಾಡಿದ ಗಾಳಿಯನ್ನು ಕಳುಹಿಸುತ್ತಿದ್ದರು. ಅಲ್ಲಿಯೂ ತಂಪಿನಷ್ಟೇ ಮುಖ್ಯವಾಗಿದ್ದದ್ದು ಹೊಸ ಗಾಳಿ. ಆ ಗಣಿಗಳು 2001ರಲ್ಲಿ ಮುಚ್ಚಿದವು, ಗಾಳಿಯ ಲೆಕ್ಕ ಮಾತ್ರ ಬದಲಾಗಿಲ್ಲ.

ಮಾಡಬಾರದ ಉಪಾಯಗಳು

ವಾಸನೆಯನ್ನು ಇನ್ನೊಂದು ವಾಸನೆಯಿಂದ ಮುಚ್ಚುವುದು ನಮ್ಮಲ್ಲಿ ಹೆಚ್ಚು. ಊದುಬತ್ತಿ, ಸಾಂಬ್ರಾಣಿ ಹೊಗೆ ಮನೆಯ ದೊಡ್ಡ ಕೋಣೆಯಲ್ಲಿ ಹರಡಿಹೋಗುತ್ತದೆ. ಮುಚ್ಚಿದ ಕಾರಿನಲ್ಲಿ ಅದು ಎಲ್ಲಿಗೂ ಹೋಗುವುದಿಲ್ಲ. ಉಬ್ಬಸದವರಿಗೆ ಬೂಷ್ಟಿಗಿಂತ ಆ ಹೊಗೆಯೇ ಹೆಚ್ಚು ತೊಂದರೆ ಕೊಡಬಹುದು. ಜಾಲರಿಗೆ ಸಿಕ್ಕಿಸುವ ಸೆಂಟಿನ ಡಬ್ಬಿಗಳಿಂದಲೂ ಅನೇಕರಿಗೆ ತಲೆನೋವು, ವಾಕರಿಕೆ ಬರುತ್ತದೆ. ಬಾಡಿಗೆ ಕಾರಿನಲ್ಲಿ ಅದು ಇದ್ದರೆ "ಅಣ್ಣಾ, ಪೇಷೆಂಟ್ ಇದ್ದಾರೆ, ಅದನ್ನು ಸ್ವಲ್ಪ ತೆಗೆದಿಡಿ" ಎನ್ನಲು ಸಂಕೋಚ ಬೇಡ. ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ್ದರೆ ಅದರಿಂದ ಯಾರ ಶ್ವಾಸಕೋಶಕ್ಕೂ ತೊಂದರೆಯಿಲ್ಲ.

ನುಸಿಗುಳಿಗೆಗಳನ್ನು ಸೀಟಿನ ಕೆಳಗೆ ಇಡಬೇಡಿ. ಹುಟ್ಟಿನಿಂದ ಜಿ-6-ಪಿ-ಡಿ ಎಂಬ ಕಿಣ್ವದ ಕೊರತೆ ಇರುವ ಶಿಶುಗಳಿಗೆ ನ್ಯಾಫ್ತಲೀನ್ ಗುಳಿಗೆಯ ಆವಿಯಿಂದಲೇ ರಕ್ತಕಣಗಳು ಒಡೆದು ಕಾಮಾಲೆ ಬರಬಹುದು. ಮಗುವಿಗೆ ಆ ಕೊರತೆ ಇದೆಯೋ ಇಲ್ಲವೋ ಎಂಬುದು ಎಷ್ಟೋ ವೇಳೆ ಮನೆಯವರಿಗೆ ಗೊತ್ತೇ ಇರುವುದಿಲ್ಲ. ಕರ್ಪೂರವನ್ನೂ ಮಕ್ಕಳ ಕೈಗೆ ಸಿಗುವಂತೆ ಇಡಬಾರದು, ನುಂಗಿದರೆ ಫಿಟ್ಸ್ ಬರುತ್ತದೆ. ಬಟ್ಟೆಯಲ್ಲಿ ಕಟ್ಟಿದ ಒಣ ಇದ್ದಿಲು ಇಟ್ಟರೆ ಹಾನಿಯಿಲ್ಲ, ವಾಸನೆಯನ್ನು ಸ್ವಲ್ಪ ಹೀರುತ್ತದೆ.

ಫಿನಾಯಿಲ್, ಬ್ಲೀಚಿಂಗ್ ಪುಡಿಯ ನೀರು, ಶೌಚಾಲಯ ತೊಳೆಯುವ ಆಸಿಡ್ ಇವನ್ನು ಎ.ಸಿ.ಯೊಳಗೆ ಸುರಿಯಬೇಡಿ. ಬ್ಲೀಚು, ಆಸಿಡ್ ಎರಡೂ ಅಲ್ಯೂಮಿನಿಯಂ ತಿನ್ನುತ್ತವೆ. ಅವೆರಡೂ ಬೆರೆತರೆ ಕ್ಲೋರಿನ್ ಅನಿಲ ಹುಟ್ಟಿ ಕೆಲಸ ಮಾಡುವವನ ಶ್ವಾಸಕೋಶವನ್ನೇ ಸುಡುತ್ತದೆ. ಕೆಲವು ಕಡೆ ಓಜೋನ್ ಯಂತ್ರವಿಟ್ಟು ವಾಸನೆ ತೆಗೆಯುತ್ತಾರೆ. ಯಂತ್ರ ಓಡುವಾಗ ಒಳಗೆ ಯಾರೂ ಇರಬಾರದು, ಆಮೇಲೆ ಬಹಳ ಹೊತ್ತು ಬಾಗಿಲು ತೆರೆದಿಡಬೇಕು. ಮೂಲದ ಕೊಳೆ ತೆಗೆಯದೆ ಇದನ್ನು ಮಾಡಿಸಿದರೆ ಕೆಲವೇ ದಿನಗಳಲ್ಲಿ ವಾಸನೆ ಮರಳುತ್ತದೆ.

ಬಿಸಿಲಲ್ಲಿ ನಿಂತ ಕಾರಿನ ಎ.ಸಿ. ಹಾಕಿದ ಕೂಡಲೇ ಪ್ಲಾಸ್ಟಿಕ್ಕಿನಿಂದ ವಿಷಾನಿಲ ಬಂದು ಕ್ಯಾನ್ಸರ್ ಬರುತ್ತದೆ ಎಂಬ ಸಂದೇಶ ಮೊಬೈಲುಗಳಲ್ಲಿ ವರ್ಷಗಳಿಂದ ಸುತ್ತುತ್ತಿದೆ. ಕಾದ ಪ್ಲಾಸ್ಟಿಕ್ಕು ಕೆಲವು ಆವಿಗಳನ್ನು ಬಿಡುವುದು ನಿಜ. ಆ ಸಂದೇಶ ಹೆದರಿಸುವಷ್ಟು ಪ್ರಮಾಣದಲ್ಲಿ ಅಲ್ಲ. ಆದರೂ ಹೊರಡುವ ಮೊದಲು ಎಲ್ಲ ಕಿಟಕಿಗಳನ್ನು ಇಳಿಸಿ ಎರಡು ನಿಮಿಷ ಬಿಸಿಗಾಳಿಯನ್ನೂ ಎ.ಸಿ.ಯ ಮೊದಲ ಗಾಳಿಯನ್ನೂ ಹೊರಗೆ ಬಿಡುವುದು ಒಳ್ಳೆಯ ರೂಢಿ. ರೋಗಿಯನ್ನು ಅದಾದ ಮೇಲೆ ಕೂರಿಸಿ.

ಯಾರು ಹೆಚ್ಚು ಎಚ್ಚರ ವಹಿಸಬೇಕು?

ಉಬ್ಬಸ, ಹಳೆಯ ಶ್ವಾಸನಾಳದ ಕಾಯಿಲೆ, ಧೂಳಿನ ಅಲರ್ಜಿ ಇರುವವರಿಗೆ ಬೂಷ್ಟಿನ ಗಾಳಿಯಿಂದ ಸೀನು, ಕಣ್ಣುರಿ, ಎದೆ ಬಿಗಿತ ಬರಬಹುದು. ಕಾರಿನಲ್ಲಿ ಕುಳಿತಾಗ ಮಾತ್ರ ಕೆಮ್ಮು ಬಂದು, ಇಳಿದ ಮೇಲೆ ಹೋಗುತ್ತಿದ್ದರೆ ಅದನ್ನು ವೈದ್ಯರಿಗೆ ತಪ್ಪದೆ ಹೇಳಿ. ಇನ್‌ಹೇಲರ್ ಡಿಕ್ಕಿಯ ಬ್ಯಾಗಿನಲ್ಲಿರದೆ ಕೈಯಲ್ಲಿರಲಿ. ಬಿಸಿಲಿಗೆ ಕಾಯುವ ಡ್ಯಾಶ್‌ಬೋರ್ಡಿನ ಮೇಲೆ ಅದನ್ನೂ ಇನ್ಸುಲಿನ್ನನ್ನೂ ಬಿಟ್ಟುಹೋಗಬೇಡಿ, ಎರಡೂ ಕೆಡುತ್ತವೆ.

ಕ್ಯಾನ್ಸರಿಗೆ ಕೀಮೋ ತೆಗೆದುಕೊಳ್ಳುತ್ತಿರುವವರು, ಮೂತ್ರಪಿಂಡ ಬದಲಿಸಿಕೊಂಡವರು, ಹೆಚ್ಚು ಪ್ರಮಾಣದಲ್ಲಿ ಸ್ಟೀರಾಯ್ಡ್ ಸೇವಿಸುವವರು ಮುಗ್ಗಲು ವಾಸನೆಯ ಕಾರಿನಲ್ಲಿ ಎ.ಸಿ. ಹಾಕಿಸದಿರುವುದೇ ಒಳ್ಳೆಯದು. ರೋಗನಿರೋಧಕ ಶಕ್ತಿ ಕುಗ್ಗಿದಾಗ ಆಸ್ಪರ್ಜಿಲಸ್‌ನಂಥ ಸಾಮಾನ್ಯ ಬೂಷ್ಟೂ ಶ್ವಾಸಕೋಶದಲ್ಲಿ ಬೇರೂರಬಲ್ಲದು. ಆರೋಗ್ಯವಂತರು ಇದನ್ನು ಓದಿ ಹೆದರಬೇಕಿಲ್ಲ.

ಕ್ಷಯರೋಗಿಯನ್ನು ಕರೆದೊಯ್ಯುವಾಗ ಎ.ಸಿ. ಬೇಡವೇ ಬೇಡ. ಚಿಕಿತ್ಸೆ ಆರಂಭವಾದ ಹೊಸದರಲ್ಲಿ ರೋಗಿಯ ಕೆಮ್ಮಿನಿಂದ ಹೊರಬಿದ್ದ ರೋಗಾಣುಗಳು ಮುಚ್ಚಿದ ಗಾಳಿಯಲ್ಲಿ ತೇಲುತ್ತಲೇ ಇರುತ್ತವೆ. ಕಿಟಕಿಗಳನ್ನು ಇಳಿಸಿ, ರೋಗಿಗೆ ಮುಖಗವಸು ಹಾಕಿ, ಧೂಳಾದರೂ ಹೊರಗಿನ ಗಾಳಿಯಲ್ಲಿಯೇ ಹೋಗಿ. ಇದು ಬೇರೆ ಯಾವ ಫಿಲ್ಟರಿಗಿಂತಲೂ ಹೆಚ್ಚು ಕೆಲಸ ಮಾಡುತ್ತದೆ.

ಕಾರಿನಲ್ಲಿ ಎ.ಸಿ. ಹಾಕಿಕೊಂಡು ಮಲಗುವ ಬಂಧುಗಳಿಗೆ

ರೋಗಿಯ ಜೊತೆ ಒಬ್ಬರಿಗೆ ಮಾತ್ರ ವಾರ್ಡಿನಲ್ಲಿ ಜಾಗವಿರುವುದರಿಂದ ಉಳಿದವರು ಆಸ್ಪತ್ರೆಯ ಅಂಗಳದಲ್ಲಿ ಕಾರಿನಲ್ಲಿಯೇ ರಾತ್ರಿ ಕಳೆಯುವುದುಂಟು. ಸೊಳ್ಳೆಯ ಕಾಟಕ್ಕೆ ಗಾಜು ಏರಿಸಿ, ಎಂಜಿನ್ ಓಡಿಸಿ, ಎ.ಸಿ. ಹಾಕಿಕೊಂಡು ಮಲಗುತ್ತಾರೆ. ದಯವಿಟ್ಟು ಹೀಗೆ ಮಾಡಬೇಡಿ. ಇದರಲ್ಲಿ ಪ್ರಾಣ ಕಳೆದುಕೊಂಡವರಿದ್ದಾರೆ.

ಎಂಜಿನ್ನಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲವಿದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಹೊಗೆಯ ವಾಸನೆ ಬಂದರೆ ಅದೂ ಜೊತೆಗಿದೆ ಎಂದು ತಿಳಿಯಬೇಕು, ವಾಸನೆ ಬಾರದಿದ್ದರೆ ಅದಿಲ್ಲವೆಂದು ತಿಳಿಯಬಾರದು. ಸೈಲೆನ್ಸರ್ ಪೈಪು ತುಕ್ಕು ಹಿಡಿದು ಎಲ್ಲಿಯಾದರೂ ತೂತಾಗಿದ್ದರೆ, ಕಾರಿನ ಹಿಂಭಾಗ ಗೋಡೆಗೆ ಒತ್ತಿ ನಿಂತಿದ್ದರೆ, ಮೇಲೆ ಶೀಟಿನ ಮುಚ್ಚಳವಿದ್ದು ಗಾಳಿಯಾಡದಿದ್ದರೆ, ಹೊಗೆ ಕಾರಿನ ಸುತ್ತಲೇ ನಿಂತು ಸಂದಿಗಳಿಂದ ಒಳಗೆ ಬರುತ್ತದೆ. ಓಡುವ ಕಾರಿನಲ್ಲಿ ಗಾಳಿ ಹೊಗೆಯನ್ನು ಹಿಂದಕ್ಕೆ ಒಯ್ಯುತ್ತದೆ, ನಿಂತ ಕಾರಿಗೆ ಆ ಅನುಕೂಲವಿಲ್ಲ. ಒಳಗಿನ ಗಾಳಿಯನ್ನೇ ಸುತ್ತಿಸುವ ಗುಂಡಿ ಒತ್ತಿದ್ದೇವೆ, ಹೊರಗಿನದು ಬಾರದು ಎಂಬ ಧೈರ್ಯವೂ ಬೇಡ. ಕಾರು ಹಾಗೆ ಗಾಳಿಬಿಗಿಯಾಗಿರುವುದಿಲ್ಲ.

ನಮ್ಮ ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಹಿಮೋಗ್ಲೋಬಿನ್‌ಗೆ ಈ ಅನಿಲ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. ಆಮೇಲೆ ಮಂಪರು, ಕೈಕಾಲಿನಲ್ಲಿ ಬಲವಿಲ್ಲದಿರುವುದು. ಎಚ್ಚರವಿದ್ದವರು ಇಳಿದು ಹೊರಬರಬಹುದು, ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. ಕಾರಿನಲ್ಲಿಯೇ ಮಲಗಬೇಕಾದರೆ ಎಂಜಿನ್ ಆರಿಸಿ, ಗಾಜನ್ನು ಮೂರು ನಾಲ್ಕು ಬೆರಳಿನಷ್ಟು ಇಳಿಸಿ, ಸಂದಿಗೆ ಸೊಳ್ಳೆಪರದೆಯ ಬಟ್ಟೆ ಸಿಕ್ಕಿಸಿ ಮಲಗಿ. ಸೊಳ್ಳೆಬತ್ತಿ ಕಾರಿನೊಳಗೆ ಹಚ್ಚಬೇಡಿ.

ಯಾರಾದರೂ ಹೀಗೆ ಕಾರಿನಲ್ಲಿ ಎಚ್ಚರ ತಪ್ಪಿದ್ದು ಕಂಡರೆ ಬಾಗಿಲು ತೆರೆದು, ಎಂಜಿನ್ ಆರಿಸಿ, ಅವರನ್ನು ಕೂಡಲೇ ಬಯಲಿಗೆ ಎಳೆದು ತನ್ನಿ. 108ಕ್ಕೆ ಕರೆ ಮಾಡಿ. ಆಸ್ಪತ್ರೆಯ ಆವರಣವಾದರೆ ತುರ್ತು ವಿಭಾಗಕ್ಕೆ ಓಡಿ. ಉಸಿರಾಟವಿಲ್ಲದಿದ್ದರೆ, ತರಬೇತಿ ಇದ್ದವರು ಕೃತಕ ಉಸಿರಾಟ ಮತ್ತು ಎದೆ ಒತ್ತುವುದನ್ನು ಆರಂಭಿಸಲಿ. ಬರೀ ತಲೆನೋವು ಇದ್ದು ಹೊರಗಿನ ಗಾಳಿಗೆ ಬಂದ ಮೇಲೆ ಹಾಯೆನಿಸಿದರೂ ತೋರಿಸಿಕೊಳ್ಳದೆ ಮನೆಗೆ ಹೋಗಬೇಡಿ. ಸಾಮಾನ್ಯ ಗಾಳಿಯಲ್ಲಿ ಈ ಅನಿಲದ ಅರ್ಧದಷ್ಟು ರಕ್ತದಿಂದ ಹೊರಹೋಗಲು ನಾಲ್ಕೈದು ಗಂಟೆ ಬೇಕು. ಮುಖಕ್ಕೆ ಮಾಸ್ಕ್ ಹಾಕಿ ಪೂರ್ಣ ಆಮ್ಲಜನಕ ಕೊಟ್ಟರೆ ಅದು ಒಂದು, ಒಂದೂವರೆ ಗಂಟೆಗೆ ಇಳಿಯುತ್ತದೆ.

ವೈದ್ಯರ ಬಳಿ ಬಂದಾಗ "ಎಂಜಿನ್ ಓಡುತ್ತಿದ್ದ ಕಾರಿನಲ್ಲಿ ಮಲಗಿದ್ದರು" ಎಂಬುದನ್ನು ಮೊದಲ ಮಾತಾಗಿ ಹೇಳಿ. ಬೆರಳಿಗೆ ಸಿಕ್ಕಿಸಿ ಆಮ್ಲಜನಕ ನೋಡುವ ಸಣ್ಣ ಯಂತ್ರಕ್ಕೆ ಈ ಅನಿಲ ಅಂಟಿದ ರಕ್ತವೂ ಒಳ್ಳೆಯ ರಕ್ತದಂತೆಯೇ ಕಾಣುತ್ತದೆ. 98, 99 ಎಂದು ತೋರಿಸಿದರೂ ನಂಬುವಂತಿಲ್ಲ. ನೀವು ಹೇಳಿದರೆ ಮಾತ್ರ ಅದಕ್ಕೆ ಬೇಕಾದ ರಕ್ತಪರೀಕ್ಷೆಯನ್ನು ಬೇಗ ಮಾಡಿಸಲು ಸಾಧ್ಯ.